ಟ್ಯಾಪೆಟ್ಟಿನ ಮೇಲೆ ಕಿವಿ

ಚಳಿ ಮುಗಿದು ಬಿಸಿಲು ಆಗಷ್ಟೇ ಹಲ್ಲು ತೋರಿಸಲು ಶುರು ಮಾಡಿದ್ದ ದಿನಗಳು. ಮಧ್ಯಾಹ್ನ ಮೂರರ ಹೊತ್ತು. ಉಂಡ ಬೀದಿ ಆಕಳಿಸುತ್ತಿತ್ತು.

ಮೇಸ್ತ್ರಿಯ ಗ್ಯಾರೇಜಿನಲ್ಲಿ ಮಾತ್ರ ಒಬ್ಬಳು ಎಚ್ಚರವಾಗಿದ್ದಳು. ಮೇಸ್ತ್ರಿಯ ಮಗಳು. ಬೀದಿಯವರು ಅವಳನ್ನು ಬೆನ್ನ ಹಿಂದೆ ‘ಇಕ್ಕಳ’ ಎಂದು ಕರೆಯುತ್ತಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗಿತ್ತು? ಒಮ್ಮೆ ಮಾತಿನಲ್ಲಿ ಹಿಡಿದಳೆಂದರೆ ಮುಗಿಯಿತು, ಬಿಡುವವಳಲ್ಲ!

ಜೋಡಿ ಸಿಲಿಂಡರಿನ ಹಳೆಯ ಬೈಕೊಂದು ಹೊಟ್ಟೆ ಬಿಚ್ಚಿಕೊಂಡು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅದರ ನಾಲ್ಕು ಟ್ಯಾಪೆಟ್ಟುಗಳನ್ನು ಅವಳು ತೊಳೆದು, ಮೊಟ್ಟೆ ಇಡುವ ರಟ್ಟಿನ ತಟ್ಟೆಯಲ್ಲಿ ಗುಳಿಗೊಂದರಂತೆ ಇಟ್ಟಿದ್ದಳು.

ಟ್ಯಾಪೆಟ್ಟು ಅಂದರೆ ಹೆಬ್ಬೆರಳಿನಷ್ಟು ಉಕ್ಕಿನ ತುಂಡು. ಕೆಳಗೆ ಕ್ಯಾಮ್ ಎಂಬ ಉಬ್ಬುಳ್ಳ ಗಾಲಿ ತಿರುಗಿದಾಗ ಇದು ಮೇಲೇಳಬೇಕು, ಮೇಲೆದ್ದು ಕಡ್ಡಿಯನ್ನು ತಳ್ಳಬೇಕು, ಕಡ್ಡಿ ವಾಲ್ವನ್ನು ತೆರೆಯಬೇಕು. ಎಂಜಿನ್ ಉಸಿರಾಡುವುದೇ ಹೀಗೆ, ಇನ್ಲೆಟ್ ವಾಲ್ವಿನಲ್ಲಿ ಒಳಗೆ, ಎಕ್ಸಾಸ್ಟ್ ವಾಲ್ವಿನಲ್ಲಿ ಹೊರಗೆ. ವರ್ಷಗಟ್ಟಲೆ ಒಂದೇ ಕ್ಯಾಮಿನ ಮೇಲೆ ಉಜ್ಜಿ ಉಜ್ಜಿ, ಪ್ರತಿ ಟ್ಯಾಪೆಟ್ಟಿನ ಪಾದವೂ ತನ್ನ ಕ್ಯಾಮಿಗೆ ತಕ್ಕಂತೆ ಸವೆದಿರುತ್ತದೆ. ಒಂದರ ಮನೆಯಲ್ಲಿ ಇನ್ನೊಂದನ್ನು ಕೂರಿಸಿದರೆ ಟ್ಯಾಪೆಟ್ಟೂ ಹಾಳು, ಕ್ಯಾಮೂ ಹಾಳು.

ನಾಲ್ಕರಲ್ಲಿ ಒಂದರ ಆಯುಸ್ಸು ಮುಗಿದಿತ್ತು, ಅದಕ್ಕೆ ಹೊಸದು ಬರಬೇಕು. ಉಳಿದ ಮೂರನ್ನು ಅವವುಗಳ ಮನೆಗೇ ಕಳಿಸಬೇಕು.

ಆಗ ಅರ್ಧ ಎಳೆದಿದ್ದ ಷಟರಿನ ಕೆಳಗಿಂದ ಒಬ್ಬ ಬಗ್ಗಿ ಒಳಗೆ ಬಂದ. ಅವನ ಹೆಗಲ ಚೀಲ ತಟ್ಟೆಗೆ ಬಡಿಯಿತು.

ಟಣ್... ಟಣ್... ಟಣಟಣ್!

“ಅಯ್ಯೋ, ನಿನ್ನ ಕಣ್ಣಿಗೆ ಗ್ರೀಸ್ ಹಾಕ!” ಅವಳು ಎದ್ದು ನಿಂತಳು.

ಬಂದವನು ಬಿಳಿ ಷರ್ಟು ತೊಟ್ಟಿದ್ದ. ಗ್ಯಾರೇಜಿಗೆ ಬಿಳಿ ಷರ್ಟು! ಅದೂ ಎಂಥ ಇಸ್ತ್ರಿ... ಆ ತೋಳಿನ ಗೆರೆಯಲ್ಲಿ ಸೌತೆಕಾಯಿ ಕೊಯ್ಯಬಹುದಿತ್ತು.

“ಸಾರಿ, ನೋಡಲಿಲ್ಲ...”

“ಸಾರಿ ಅಂದ್ರೆ ಅವು ತಾವಾಗೇ ಎದ್ದು ಮನೆಗೆ ಹೋಗ್ತಾವಾ? ಮದುವೆಗೆ ಹೊರಟವರು ದಾರಿ ತಪ್ಪಿ ಬಂದಿದ್ದೀರಿ. ಛತ್ರ ಆ ಕಡೆ. ನಡೀರಿ!”

ಅವನು ನಡೆಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಹೆಕ್ಕಿ, ಪಾದವನ್ನು ಬೆಳಕಿಗೆ ಹಿಡಿದು ನೋಡಿದ.

“ಇದು ಹಿಂದಿನ ಸಿಲಿಂಡರಿಂದು. ಇದು ಮುಂದಿನದು. ಇದು ಎಕ್ಸಾಸ್ಟ್ ಕಡೇದು...”

“ಕೈ ತೆಗೀರಿ! ಗೋಲಿ ಆಟ ಅಂದ್ಕೊಂಡ್ರಾ? ಅದು ಎಕ್ಸಾಸ್ಟ್ ಅಲ್ಲ, ಇನ್ಲೆಟ್. ಗೊತ್ತಿಲ್ದಿದ್ರೆ ಬಾಯಿಗೆ ಬೀಗ ಹಾಕ್ಕೋಬೇಕು.”

ಕಿತ್ತುಕೊಂಡು, ಟಾರ್ಚು ಹಿಡಿದು, ಒಂದೊಂದನ್ನೂ ಕ್ಯಾಮಿನ ಗುರುತಿಗೆ ತಾಳೆ ನೋಡಿದಳು. ಅವನು ಎರಡನ್ನು ಸರಿಯಾಗಿಯೇ ಹೇಳಿದ್ದ. ಅದನ್ನು ಅವನಿಗೆ ತಿಳಿಸುವ ಉದ್ದೇಶ ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಬಂದರು. ಮುಖ ಅರಳಿತು.

“ಓ, ಬಂದ್ಬಿಟ್ಯಾ! ಮಗಾ, ಇವನು ನಾಳೆಯಿಂದ ನಮ್ಮಲ್ಲೇ ಕೆಲಸಕ್ಕೆ. ನನ್ನ ಪಕ್ಕದಲ್ಲೇ ಇರ್ತಾನೆ.”

ನನ್ನ ಪಕ್ಕದಲ್ಲೇ!

ಅವಳ ಎದೆಯೊಳಗೆ ಏನೋ ಕಳಚಿ ಬಿದ್ದಂತಾಯಿತು.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಯಾರೇ ರಿಪೇರಿ ಮಾಡಲಿ, ಕೊನೆಗೆ ಎಂಜಿನ್ ಚಾಲೂ ಮಾಡಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುವವರು ಮೇಸ್ತ್ರಿಯೇ. ಟ್ಯಾಪೆಟ್ಟು ಕುಟ್ಟುತ್ತಿದೆಯೋ, ಸುಮ್ಮನಿದೆಯೋ ಅವರೇ ಹೇಳಬೇಕು. ಅವರು ‘ಹೋಗಲಿ’ ಎಂದರೆ ಗಾಡಿ ಹೋಗುತ್ತಿತ್ತು. ಆ ಬೀದಿಯಲ್ಲಿ ಮೇಸ್ತ್ರಿಗೆ ಹೆಸರು ಬಂದದ್ದೇ ಆ ಕಿವಿಯಿಂದ.

ಈ ವರ್ಷವಾದರೂ ಅಪ್ಪ ತನ್ನನ್ನು ಪಕ್ಕಕ್ಕೆ ಕರೆದು, “ಇನ್ಮೇಲೆ ನೀನು ಕೇಳು” ಎನ್ನುತ್ತಾರೆಂದು ಅವಳು ಕಾಯುತ್ತಿದ್ದಳು. ಬೇರೆ ಯಾವ ಆಸೆಯೂ ಇರಲಿಲ್ಲ ಅವಳಿಗೆ. ಕಾದದ್ದಕ್ಕೆ ಬಂದದ್ದೇನು? ಒಂದು ಇಸ್ತ್ರಿ ಷರ್ಟು!

ರಾತ್ರಿ ಊಟಕ್ಕೆ ಕೂತಾಗ ಅತ್ತೆ, ಅಂದರೆ ಮೇಸ್ತ್ರಿಯ ಅಕ್ಕ, ಗಾಯಕ್ಕೆ ಉಪ್ಪು ಸುರಿಯಲು ಸಿದ್ಧಳಾಗಿಯೇ ಇದ್ದಳು.

“ಯಾಕೆ ಮುಖ ಹೊಗೆ ಕೊಳವೆ ಹಾಗೆ ಮಾಡ್ಕೊಂಡಿದ್ದೀಯ? ಇಸ್ತ್ರಿ ಮಾಡ್ಕೊಂಡು ಬರೋ ಗಂಡಸು ಸಿಗೋದೇ ಅಪರೂಪ ಕಣೇ. ನಿಮ್ಮಪ್ಪನ ಷರ್ಟು ನೋಡು, ಎಮ್ಮೆ ಅಗಿದು ಉಗುಳಿದ ಹಾಗಿದೆ.”

“ಗ್ಯಾರೇಜಿಗೆ ಇಸ್ತ್ರಿ ಹಾಕ್ಕೊಂಡು ಬರೋನು ಕೆಲಸ ಮಾಡೋಕೆ ಬರಲ್ಲ ಅತ್ತೆ, ಜಾಗ ಹಿಡಿಯೋಕೆ ಬರ್ತಾನೆ. ಅಲ್ವೇನಪ್ಪಾ?”

ಪಕ್ಕದಲ್ಲಿ ತಟ್ಟೆಗೆ ಬಗ್ಗಿ ಕೂತಿದ್ದ ಮೇಸ್ತ್ರಿ ತಲೆ ಎತ್ತಲೇ ಇಲ್ಲ.

ಈಚೆಗೆ ಅಪ್ಪ ಹೀಗೇ. ಮಾತಾಡಿಸಿದರೆ ಉತ್ತರವೇ ಇಲ್ಲ... ‘ನಾನು ಉತ್ತರಕ್ಕೂ ಲಾಯಕ್ಕಿಲ್ಲವಾ?’ ಅನ್ನದ ತಟ್ಟೆ ಸರಿಸಿ ಎದ್ದಳು.

ಇಸ್ತ್ರಿ ಎಂಬುದೇ ಅವನ ಹೆಸರಾಯಿತು. ಅವಳೇ ಇಟ್ಟದ್ದು.

ಅವನು ಕೆಲಸಕ್ಕೆ ಕೂರುವಾಗ ಬಿಳಿ ಷರ್ಟನ್ನು ತೆಗೆದು ಮೊಳೆಗೆ ತೂಗುಹಾಕಿ, ಮಸಿ ಹಿಡಿದ ಬನಿಯನ್ನಿನಲ್ಲಿ ದುಡಿಯುತ್ತಿದ್ದ. ಸಂಜೆ ಕೈ ತೊಳೆದು ಮತ್ತೆ ಅದೇ ಷರ್ಟು.

“ಏನ್ರೀ ಇಸ್ತ್ರಿ, ಆ ಬೋಲ್ಟಿಗೂ ಇಸ್ತ್ರಿ ಮಾಡಿ ಹಾಕ್ತೀರಾ?”

“ಮಾಡಬಹುದು. ಆದ್ರೆ ನಿಮ್ಮ ನಾಲಿಗೆಯಷ್ಟು ಬಿಸಿ ಇರೋದು ಬೇರೆ ಏನೂ ಇಲ್ಲಿ ಇಲ್ಲವಲ್ಲ. ಸ್ವಲ್ಪ ಹೊತ್ತು ಕೊಡ್ತೀರಾ?”

ಅವನಿಗೂ ಬಾಯಿ ಇತ್ತು ಎಂಬುದು ಅವಳಿಗೆ ಇನ್ನಷ್ಟು ಉರಿ ತರಿಸಿತು.

ಅದಕ್ಕಿಂತ ಉರಿಸಿದ್ದು ಇನ್ನೊಂದು. ಮೇಸ್ತ್ರಿ ಸ್ಕ್ರೂಡ್ರೈವರು ಕಿವಿಗಿಟ್ಟಾಗಲೆಲ್ಲ ಅವನು ಪಕ್ಕದಲ್ಲಿ ನಿಂತು, ಅವರ ಎಡ ಭುಜದ ಮೇಲೆ ಕೈಯಿಡುತ್ತಿದ್ದ. ಬೆರಳಾಡಿಸುತ್ತಿದ್ದ. ಮುದುಕನ ಬೆನ್ನು ಸವರಿ ಗ್ಯಾರೇಜು ಹೊಡೆಯುವ ಹುನ್ನಾರ!

‘ಥೂ... ಹೊಟ್ಟೆಪಾಡಿಗೆ ಗಂಡಸರು ಇಷ್ಟು ಕೀಳಾಗ್ತಾರಾ?’

ಹಾಗೆ ಅಂದುಕೊಳ್ಳುವಾಗಲೂ ಅವಳ ಕಣ್ಣು ಆ ಬೆರಳುಗಳ ಮೇಲೇ ಇರುತ್ತಿತ್ತು. ಉದ್ದದ, ಅವಸರವಿಲ್ಲದ ಬೆರಳುಗಳು... ತನ್ನ ಕಣ್ಣಿನ ಮೇಲೂ ಅವಳಿಗೆ ಸಿಟ್ಟು ಬರುತ್ತಿತ್ತು.

ಬ್ರೆಡ್ ಏಜೆಂಟನ ಬೈಕು ಬಂದದ್ದು ಆಮೇಲೆ. ಆ ಮನುಷ್ಯ ಬೀದಿಗೆಲ್ಲ ಹಗುರ ಬ್ರೆಡ್ಡು ಹಂಚಿ ತಾನು ಭಾರವಾದವನು. ನಗುವಾಗ ಹೊಟ್ಟೆ ಮೊದಲು ನಗುತ್ತಿತ್ತು, ಅವನು ಆಮೇಲೆ.

ಅವನದು ಹೊಸ ಬಗೆಯ ಎಂಜಿನ್ನು. ಅದರ ಟ್ಯಾಪೆಟ್ಟು ಒಳಗೆ ಎಣ್ಣೆ ತುಂಬಿಕೊಂಡು ಕೆಲಸ ಮಾಡುವಂಥದ್ದು. ಎರಡೂ ಹೋಗಿದ್ದವು. ಅವಳು ಹೊಸವನ್ನು ತಂದು, ಬೋಗುಣಿಯ ಎಣ್ಣೆಯಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೂ ಒತ್ತಿ ಒತ್ತಿ ಗಾಳಿ ತೆಗೆದು ಕೂರಿಸಿದಳು. ಎಷ್ಟು ತೆಗೆದರೂ ಚೂರು ಗಾಳಿ ಉಳಿಯುವುದುಂಟು. ಉಳಿದರೆ ಮೊದಮೊದಲು ಟಿಕ್ ಟಿಕ್ ಎನ್ನುತ್ತದೆ, ಓಡಿದಂತೆ ಎಣ್ಣೆ ತುಂಬಿಕೊಂಡು ತಾನೇ ಸುಮ್ಮನಾಗುತ್ತದೆ. ಮೇಸ್ತ್ರಿ ಕಿವಿಯಿಟ್ಟು, “ಹೋಗಲಿ” ಎಂದರು. ಏಜೆಂಟ್ ಬೇರೆ ಊರಿಗೆ ಹೋಗಿದ್ದರಿಂದ ಗಾಡಿ ಗ್ಯಾರೇಜಿನಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಅವಳು ಎಂದಿಗಿಂತ ಬೇಗ ಬಂದಳು. ಷಟರ್ ಆಗಲೇ ಎತ್ತಿಯಾಗಿತ್ತು.

ಇಸ್ತ್ರಿ ನೆಲದಲ್ಲಿ ಕೂತಿದ್ದ. ಅದೇ ಬೈಕು ಬಿಚ್ಚಿಕೊಂಡಿತ್ತು. ಅವಳು ಕೂರಿಸಿದ ಹೊಸ ಟ್ಯಾಪೆಟ್ಟುಗಳು ಅವನ ಪಕ್ಕದ ಬಟ್ಟೆಯ ಮೇಲೆ ಅಡ್ಡಡ್ಡ ಬಿದ್ದಿದ್ದವು. ಒಳಗಿನ ಎಣ್ಣೆಯೆಲ್ಲ ಬಟ್ಟೆಗಿಳಿದಿತ್ತು!

ಅವಳು ಒಳಗೆ ನುಗ್ಗಿದಳು.

“ನೀನು... ನಾನು ಮುಗಿಸಿದ ಎಂಜಿನ್ ಬಿಚ್ಚಿದ್ದೀಯಾ?”

ಅವನು ಬೆಚ್ಚಿ ಎದ್ದ. “ಬೆಳಿಗ್ಗೆ ಚಾಲೂ ಮಾಡಿದ್ರೆ ಟಿಕ್ ಟಿಕ್ ಅಂತಿತ್ತು. ಒಂದು ಸಲ ನೋಡೋಣ ಅಂತ...”

“ಅಪ್ಪ ಕಿವಿ ಇಟ್ಟು ಹೋಗಲಿ ಅಂದಿದ್ದಾರೆ! ಅದರ ಮೇಲೂ ನೀನು ನೋಡಬೇಕಾ? ದಿನಾ ಹೀಗೆ ಕಳ್ಳನ ಹಾಗೆ ಬಂದು ಬಿಚ್ತೀಯಾ?”

ಅವನ ಮುಖ ಬಿಳುಚಿತು. ಕಣ್ಣು ಮೂಲೆಯ ನಲ್ಲಿಯ ಕಡೆ ಹೋಯಿತು.

“ಮಾತಾಡು! ಮೊದಲು ಅಪ್ಪನ ಭುಜ ಸವರೋದು, ಆಮೇಲೆ ನನ್ನ ಕೆಲಸ ಕೆಡಿಸಿ ನನ್ನನ್ನ ಕೈಲಾಗದವಳು ಅಂತ ತೋರಿಸೋದು. ನಿನ್ನಂಥವರನ್ನ ನೋಡಿದ್ರೆ ಕೈ ತೊಳ್ಕೋಬೇಕು ಅನ್ಸುತ್ತೆ!”

ಅವಳಿಗಿಂತ ಮುಂಚೆ ಬಂದಿದ್ದ ಮೇಸ್ತ್ರಿ ಆಗ ಆ ನಲ್ಲಿಯ ಹತ್ತಿರ ಬೆನ್ನು ಮಾಡಿ ಕೈ ತೊಳೆಯುತ್ತಿದ್ದರು. ಅವಳು ಕೂಗಿದಳು.

“ಅಪ್ಪಾ! ಇಲ್ಲಿ ಇವನಿರಬೇಕು, ಇಲ್ಲಾ ನಾನಿರಬೇಕು. ಯಾರು ಬೇಕು ಹೇಳು!”

ನಲ್ಲಿ ಸುರಿಯುತ್ತಿತ್ತು. ಮೇಸ್ತ್ರಿ ನಿಧಾನವಾಗಿ ಬೆರಳ ಸಂದಿಯ ಮಸಿ ಉಜ್ಜುತ್ತಲೇ ಇದ್ದರು.

ಉತ್ತರ ಬರಲಿಲ್ಲ.

ಇದೇ ಉತ್ತರ ಅಂದುಕೊಂಡಳು ಅವಳು. ಕಣ್ಣು ತುಂಬಿ ಬಂತು.

“ಎದುರಿಗೆ ಹೋಗಿ ಕೇಳಿ,” ಇಸ್ತ್ರಿ ಮೆಲ್ಲಗೆ ಹೇಳಿದ. “ದಮ್ಮಯ್ಯ... ಅವರ ಎದುರಿಗೆ ನಿಂತು ಕೇಳಿ.”

“ನನ್ನಪ್ಪನ ಹತ್ರ ಹೇಗೆ ಮಾತಾಡಬೇಕು ಅಂತ ನೀನು ಹೇಳಿಕೊಡ್ತೀಯಾ? ಥೂ!”

ಅವನು ಮೊಳೆಯ ಷರ್ಟು ತೆಗೆದು ಹಾಕಿಕೊಂಡ. ಮೇಸ್ತ್ರಿಯ ಮುಂದೆ ಹೋಗಿ ನಿಂತು, “ಬರ್ತೀನಿ ಮೇಸ್ತ್ರಿ. ಇನ್ಮೇಲೆ ಪಕ್ಕದಲ್ಲಿ ಇವರನ್ನೇ ನಿಲ್ಲಿಸ್ಕೊಳ್ಳಿ,” ಎಂದ. ಮೇಸ್ತ್ರಿ ಅವನ ತುಟಿಗಳನ್ನೇ ನೋಡುತ್ತಿದ್ದರು. ಒದ್ದೆ ಕೈಯಲ್ಲಿ ಅವನ ಕೈ ಹಿಡಿದುಕೊಂಡರು. ಹೋಗಬೇಡ ಎನ್ನಲು ಕಾರಣ ಹೇಳಬೇಕಲ್ಲ, ಆ ಕಾರಣ ಮಗಳ ಮುಂದೆ ಬಾಯಿಗೆ ಬರಲಿಲ್ಲ.

ಗೆದ್ದವಳು ಅವಳೇ. ಆದರೂ ಇಡೀ ದಿನ ಸ್ಪ್ಯಾನರು ಕೈಯಿಂದ ಜಾರುತ್ತಿತ್ತು. ಸಿಟ್ಟಿನಲ್ಲಿ ಬ್ರೆಡ್ ಏಜೆಂಟನ ಟ್ಯಾಪೆಟ್ಟುಗಳನ್ನು ಒರೆಸಿ ಹಾಗೇ ಕೂರಿಸಿದಳು. ಮತ್ತೆ ಎಣ್ಣೆಯಲ್ಲಿ ಮುಳುಗಿಸಿ ಒತ್ತಬೇಕೆಂಬುದು ನೆನಪಾಗಲೇ ಇಲ್ಲ.

ಮಾರನೆಯ ದಿನ ಏಜೆಂಟ್ ಬಂದ. ಬೀದಿಯ ಕೆಲಸವಿಲ್ಲದವರೂ ಬಂದು ನಿಂತರು. ಅಂಥವರಿಗೆ ಬೇರೆಯವರ ಬೈಕಿನ ರಿಪೇರಿಯೇ ಮೃಷ್ಟಾನ್ನ.

ಅವಳು ಕಿಕ್ ಹೊಡೆದಳು.

ಕಟಕಟಕಟಕಟ...!

ಎದುರು ಅಂಗಡಿಯ ಬೆಕ್ಕು ಎದ್ದು ಓಡಿತು. ಅವಳಿಗೆ ಆಗ ನೆನಪಾಯಿತು. ‘ಗಾಳಿ! ಎಣ್ಣೆಗೆ ಹಾಕೋದು ಮರೆತೆ!’

ಹೇಳಬೇಕೆನ್ನುವಷ್ಟರಲ್ಲಿ ಮೇಸ್ತ್ರಿ ಬಗ್ಗಿದರು. ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದರು. ಎಡ ಭುಜ ಒಂಚೂರು ಮೇಲೆದ್ದು ನಿಂತಿತು... ಏನನ್ನೋ ಕಾಯುವ ಹಾಗೆ. ಏನೂ ಬರಲಿಲ್ಲ.

ಕಣ್ಣು ತೆರೆದು ನಕ್ಕರು. “ಗಡಿಯಾರದ ಹಾಗಿದೆ. ಚೂರೂ ಸದ್ದಿಲ್ಲ. ಹೋಗಲಿ!”

ಮೊದಲು ಏಜೆಂಟನ ಹೊಟ್ಟೆ ನಕ್ಕಿತು.

“ಗಡಿಯಾರನಾ? ಮೇಸ್ತ್ರಿ, ಕಲ್ಲು ಪುಡಿ ಮಾಡೋ ಮಷೀನ್ ಹಾಗೆ ಬಡ್ಕೊಳ್ತಾ ಇದೆ! ಏನಯ್ಯಾ, ನಿನ್ನ ಕಿವಿಗೆ ಬ್ರೆಡ್ಡು ತುರುಕಿದ್ಯಾರು?”

ಸುತ್ತಲಿದ್ದವರೂ ನಕ್ಕರು. ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾಕೆ ನಗುತ್ತಿದ್ದಾರೆಂದು ಅವರಿಗೆ ತಿಳಿಯಲಿಲ್ಲ. ತಾವೂ ಸ್ವಲ್ಪ ನಕ್ಕರು.

ಆ ನಗು ನೋಡಿದಾಗ ಅವಳಿಗೆ ಎಲ್ಲ ಅರ್ಥವಾಯಿತು.

ಇಸ್ತ್ರಿ ಅಪ್ಪನ ಭುಜದ ಮೇಲೆ ಬೆರಳಾಡಿಸುತ್ತಿದ್ದದ್ದು ಸವರುವುದಲ್ಲ... ಯಾವ ಟ್ಯಾಪೆಟ್ಟು ಕುಟ್ಟುತ್ತಿದೆ ಎಂದು ತಟ್ಟಿ ಹೇಳುತ್ತಿದ್ದದ್ದು! ಅಪ್ಪ ತಾನೇ ಕೂರಿಸಿ ‘ಹೋಗಲಿ’ ಎಂದ ಗಾಡಿಗಳನ್ನು ಅವನು ಬೆಳಿಗ್ಗೆ ಬೇಗ ಬಂದು ಬಿಚ್ಚಿ ಸರಿಮಾಡುತ್ತಿದ್ದದ್ದು! ಊಟದ ತಟ್ಟೆಯ ಮುಂದೆ, ನಲ್ಲಿಯ ಮುಂದೆ, ಅಪ್ಪ ಉತ್ತರ ಕೊಡದಿದ್ದದ್ದು...

ಅಳಲು ಹೊತ್ತಿರಲಿಲ್ಲ. ಅವಳು ಏಜೆಂಟನ ಎದುರಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ನಗು ಮುಗೀತಾ? ಹಸಿದವನು ಉಣ್ಣೋ ಮುಂಚೆ ಹೊಟ್ಟೆ ಗುರ್ ಅನ್ನಲ್ವಾ? ನಿಮ್ಮಂಥ ಹೊಟ್ಟೆ ಇರೋರಿಗೆ ಇದು ಗೊತ್ತಿರಬೇಕಿತ್ತು. ಹೊಸ ಟ್ಯಾಪೆಟ್ಟು ಎಣ್ಣೆ ಕುಡಿಯೋ ತನಕ ಹೀಗೇ ಬಡ್ಕೊಳ್ಳೋದು. ಕುಡಿದ ಮೇಲೆ ಹೇಗಿರುತ್ತೆ ಅಂತ ಮೇಸ್ತ್ರಿ ಮೊದಲೇ ಹೇಳಿದ್ರು. ನಿಮಗೆ ಕಾಯೋ ತಾಳ್ಮೆ ಇಲ್ಲ ಅಷ್ಟೇ.”

ಆಕ್ಸಿಲರೇಟರು ಸ್ವಲ್ಪ ಏರಿಸಿ ಹಿಡಿದಳು. ಎದೆ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಕಟಕಟಕಟ... ಕಟ್ ಕಟ್... ಟಿಕ್... ಟಿಕ್...

ಕೊನೆಗೆ ಗುನುಗು ಮಾತ್ರ ಉಳಿಯಿತು.

“ಈಗ ಹೇಳಿ, ಯಾರ ಕಿವಿಯಲ್ಲಿ ಬ್ರೆಡ್ಡಿದೆ?”

ಏಜೆಂಟ್ ಗಾಡಿ ಹತ್ತಿ ಹೋದ. ನಿಂತವರು ನಗಲು ಬೇರೆ ಜಾಗ ಹುಡುಕಿಕೊಂಡು ಹೋದರು.

ಅವಳು ಷಟರ್ ಅರ್ಧ ಎಳೆದು, ಅಪ್ಪನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಬಿಡಿಸಿ ಬಿಡಿಸಿ ಕೇಳಿದಳು.

“ಯಾವಾಗಿಂದ ಅಪ್ಪಾ?”

“ಹೋದ ಮಳೆಗಾಲದಿಂದ. ಸದ್ದೆಲ್ಲ ಬೇರೆ ಬೀದಿಗೆ ಹೋದ ಹಾಗೆ...” ಮೇಸ್ತ್ರಿ ಅಂಗೈ ನೋಡಿಕೊಂಡರು. “ಸ್ಪೇರ್ ಪಾರ್ಟ್ಸ್ ಅಂಗಡೀಲಿ ಆ ಹುಡುಗ ಸಿಕ್ಕಿದ. ನಾನೇ ಕಾಲು ಕಟ್ಟೋದೊಂದು ಬಾಕಿ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡೆ.”

“ನನಗೂ ಹೇಳಬಾರದಿತ್ತಾ?”

“ನಿನಗೇ ಹೇಳಬಾರದು ಅಂದಿದ್ದು.”

“ಯಾಕಪ್ಪಾ?!”

“ನೀನು ಎಲ್ಲರನ್ನೂ ಕಾಲ ಕಸದ ಹಾಗೆ ನೋಡ್ತೀಯ ಮಗಾ. ಕೈಲಾಗದವರನ್ನ ಕಂಡ್ರೆ ನಿನಗೆ ಹೇಸಿಗೆ. ನನ್ನನ್ನೂ ಹಾಗೇ ನೋಡಿಬಿಟ್ರೆ... ಅಂತ ಹೆದರಿಕೆ ಆಯ್ತು.”

ಇಕ್ಕಳಕ್ಕೆ ಆ ದಿನ ಮೊದಲ ಬಾರಿ ಹಿಡಿಯಲು ಮಾತು ಸಿಗಲಿಲ್ಲ. ಅಪ್ಪನ ಮಸಿ ಕೈಗಳಲ್ಲಿ ಮುಖವಿಟ್ಟು ಅತ್ತಳು.

ಅತ್ತೆಗೆ ವಿಷಯ ಹೇಳಿದರೆ ಅವಳು ತರಕಾರಿ ಹೆಚ್ಚುವುದನ್ನೂ ನಿಲ್ಲಿಸಲಿಲ್ಲ.

“ನನಗೆ ಆವಾಗಲೇ ಗೊತ್ತು. ನಿಮ್ಮಪ್ಪನಿಗೆ ಕಿವಿ ಹೋಯ್ತು, ನಿನಗೆ ಕಣ್ಣು ಹೋಗಿತ್ತು. ಆ ಇಸ್ತ್ರಿ ಹುಡುಗ ಈಗ ಬಸ್ ಡಿಪೋಲಿ ಇದ್ದಾನಂತೆ. ಇಲ್ಲಿ ಕೂತು ಮೂಗು ಸೋರಿಸಬೇಡ, ಹೋಗು.”

ಡಿಪೋದ ವರ್ಕ್‌ಶಾಪಿನಲ್ಲಿ ಊಟದ ಬಿಡುವು. ಬಸ್ಸಿನ ಮೆಟ್ಟಿಲ ಮೇಲೆ ಅವನೊಬ್ಬನೇ ಡಬ್ಬಿ ಬಿಚ್ಚಿ ಕೂತಿದ್ದ. ಅವಳನ್ನು ಕಂಡು ಎದ್ದ.

“ಇನ್ನೂ ಬೈಯೋದು ಬಾಕಿ ಉಳಿದಿತ್ತಾ?”

“ಬೇಕಾದಷ್ಟಿದೆ. ಹೊಸ ಟ್ಯಾಪೆಟ್ಟಲ್ಲಿ ಇದ್ದದ್ದು ಬರೀ ಗಾಳಿ. ಓಡಿಸಿದ್ರೆ ತಾನೇ ಹೋಗ್ತಿತ್ತು. ಅಷ್ಟೂ ತಿಳೀದ ದಡ್ಡ ನೀನು! ಸುಮ್‌ಸುಮ್ನೆ ಬಿಚ್ಚಿದೆ!”

“ಗಾಳಿ ಅಂತ ಬಿಚ್ಚಿದ ಮೇಲೆ ಗೊತ್ತಾಯ್ತು. ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ. ತಪ್ಪು ನಂದೇ.”

“ಮತ್ತೆ ಯಾಕೆ ಬಿಚ್ಚಿದೆ?”

ಅವನು ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದ.

“ಬೇರೆಯವರ ಗಾಡಿ ಆಗಿದ್ರೆ ಕಾಯ್ತಿದ್ದೆ. ಇದು ನೀವು ಕೂರಿಸಿದ್ದು. ಆ ಏಜೆಂಟ್ ಬೀದೀಲಿ ನಿಂತು ನಿಮ್ಮ ಬಗ್ಗೆ ಒಂದು ಮಾತು ಆಡಿದ್ರೆ... ಅಂತ ಹೆದರಿದೆ. ಹೆದರಿದ್ರೆ ನನಗೆ ಬುದ್ಧಿ ಓಡಲ್ಲ.”

“ನನಗೋಸ್ಕರ ನೀನ್ಯಾಕೆ ಹೆದರಬೇಕು?”

“ಅದು ನಿಮಗೆ ಗೊತ್ತಿಲ್ವಾ?”

ಗೊತ್ತಿತ್ತು. ಆ ಬೆರಳುಗಳನ್ನು ಕಳ್ಳತನದಲ್ಲಿ ನೋಡಿದ ಪ್ರತಿ ದಿನವೂ ಗೊತ್ತಿತ್ತು. ಒಪ್ಪಿಕೊಳ್ಳಲಾಗದೆ ಹೇಸಿಗೆ ಎಂದು ಹೆಸರಿಟ್ಟಿದ್ದಳು, ಅಷ್ಟೇ!

“ನನ್ನ ಕ್ಷಮಿಸು,” ಎಂದಳು. ಆ ಮಾತು ಅವಳ ಬಾಯಿಗೆ ಹೊಸದು, ತುಕ್ಕು ಹಿಡಿದ ನಟ್ಟಿನ ಹಾಗೆ ಕಿರುಗುಟ್ಟಿ ಬಂತು. “ಬಾ. ಅಪ್ಪನಿಗಾಗಿ ಅಲ್ಲ, ಇನ್ನು ಅಪ್ಪನ ಪಕ್ಕ ನಾನೇ ನಿಲ್ತೀನಿ. ನೀನು... ನನಗಾಗಿ ಬಾ.”

ಅವನು ಮತ್ತೆ ಕೂತು, ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿದ.

“ಊಟ ಆಯ್ತಾ?”

“ಇಲ್ಲ.”

“ಕೂತ್ಕೋ.”

ಶನಿವಾರ ಸಂಜೆ ಗ್ಯಾರೇಜಿನಲ್ಲಿ ಒಂದು ಹಳೆಯ ಬೈಕು ಚಾಲೂ ಆಗಿ ನಿಂತಿತ್ತು. ಮೇಸ್ತ್ರಿ ಮಗಳನ್ನು ಎದುರಿಗೆ ಕರೆದರು.

“ಇನ್ಮೇಲೆ ನೀನು ಕೇಳು. ನೀನು ಹೋಗಲಿ ಅಂದ್ರೆ ಹೋಗಲಿ.”

ಅವಳು ಬಗ್ಗಿ, ಕಣ್ಣು ಮುಚ್ಚಿ ಕೇಳಿದಳು.

“ಇನ್ಲೆಟ್ ಕುಟ್ತಿದೆ. ಬಿಚ್ಚಬೇಕು.”

“ಎಕ್ಸಾಸ್ಟು,” ಎಂದ ಇಸ್ತ್ರಿ, ನಿಂತಲ್ಲಿಂದಲೇ.

“ಇನ್ಲೆಟ್ ಅಂದ್ರೆ ಇನ್ಲೆಟ್! ನಿನ್ನ ಕಿವಿಗೇನಾಗಿದೆ?”

“ನನ್ನ ಕಿವಿಗೇನಾಗಿಲ್ಲ. ದಿನಾ ನಿನ್ನ ಬೈಗುಳ ಕೇಳಿ ಪಳಗಿದೆ.”

“ಜೀವನ ಪೂರ್ತಿ ಕೇಳಬೇಕಾಗುತ್ತೆ, ಯೋಚನೆ ಮಾಡು.”

“ಯೋಚನೆ ಮಾಡೇ ಡಿಪೋ ಬಿಟ್ಟು ಬಂದಿದ್ದು.”

“ದಡ್ಡ...”

“ಹೂಂ. ಇನ್ನೊಂದು ಸಲ ಹೇಳು.”

ಅವಳು ಹೇಳಲಿಲ್ಲ. ಮುಖ ಕೆಂಪಾಗಿ, ಕವರಿನ ಬೋಲ್ಟು ಬಿಚ್ಚಲು ಕೂತಳು. ಅವನೂ ಪಕ್ಕಕ್ಕೆ ಕೂತ. ಇನ್ಲೆಟ್ಟೋ ಎಕ್ಸಾಸ್ಟೋ ಎಂಬ ಜಗಳ ಮತ್ತೆ ಶುರುವಾಯಿತು.

ಮೇಸ್ತ್ರಿಗೆ ಒಂದು ಮಾತೂ ಕೇಳಿಸಲಿಲ್ಲ. ಇಬ್ಬರ ಮುಖವನ್ನೂ ಸ್ವಲ್ಪ ಹೊತ್ತು ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಮನೆಯ ದಾರಿ ಹಿಡಿದರು. ಮತ್ತೆ ಕೆಲಸಕ್ಕೆಂದು ಆ ಷಟರಿನೊಳಗೆ ಅವರು ಬರಲಿಲ್ಲ. ಅವರು ಮನೆಗೆ ಹೊರಟದ್ದು ಜಗಳದಲ್ಲಿ ಮುಳುಗಿದ್ದ ಇಬ್ಬರಿಗೂ ಗೊತ್ತಾಗಲಿಲ್ಲ.